ನಾನೇನೂ ನೋಡಲಿಲ್ಲ ಸ್ವಾಮಿ

ಹೋದ ಮಳೆಗಾಲದಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ರಾಡ್ ಹಾಕಿದರು. ಆಮೇಲೆ ಎರಡು ತಿಂಗಳು ಹಾಸಿಗೆ, ವಾಕರ್, ಮತ್ತೆ ಹಾಸಿಗೆ. 78 ವರ್ಷದ ಮನುಷ್ಯ. ದಿನಾ ಐದು ಗಂಟೆಗೆ ಎದ್ದು ಹಾಲಿನ ಬೂತಿಗೆ ಹೋಗಿ, ಅಲ್ಲಿ ನಾಲ್ಕು ಜನರ ಹತ್ತಿರ ಜಗಳ ಆಡಿ ಬರದಿದ್ದರೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಅಂಥವರು ಫ್ಯಾನ್ ನೋಡಿಕೊಂಡು ಮಲಗಿದ್ದರು. ಮೊದಲ ವಾರ ನರ್ಸಿನ ಮೇಲೆ ರೇಗಿದರು. ಎರಡನೇ ವಾರ ನನ್ನ ಮೇಲೆ. ಮೂರನೇ ವಾರ ಮಾತೇ ನಿಲ್ಲಿಸಿದರು. ಅದು ಜಾಸ್ತಿ ಭಯವಾಯಿತು.

ಟಿವಿಯನ್ನು ಅವರ ಕಾಲ ಬುಡಕ್ಕೆ ತಂದಿಟ್ಟೆವು. ಧಾರಾವಾಹಿ ಬೇಡ, ನ್ಯೂಸ್ ಬೇಡ, ಹಳೆ ಸಿನಿಮಾ ಎಲ್ಲಾ ನೋಡಾಗಿದೆ. ಅಮೆರಿಕದಲ್ಲಿರುವ ಅಣ್ಣ ಯಾವಾಗಲೋ ಬಂದಾಗ ಬಿಟ್ಟುಹೋದ ಡಿವಿಡಿಗಳ ಒಂದು ಡಬ್ಬ ಅಟ್ಟದ ಮೇಲಿತ್ತು. ಅದರಲ್ಲಿ ಸಿಕ್ಕಿದ್ದು 'ಹೋಗನ್ಸ್ ಹೀರೋಸ್'. 1965ರಿಂದ 1971ರವರೆಗೆ ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ ಬಂದ ಹಾಸ್ಯ ಧಾರಾವಾಹಿ. ಒಟ್ಟು 168 ಕಂತು. ಎರಡನೇ ಮಹಾಯುದ್ಧ, ಜರ್ಮನಿಯ ಯುದ್ಧಕೈದಿಗಳ ಕ್ಯಾಂಪ್, ಅದರೊಳಗೆ ಕಾಮಿಡಿ.

ನಾನು ಹಾಕಿದ್ದು ಸುಮ್ನೆ, ಏನೋ ಒಂದು ಸದ್ದಿರಲಿ ಅಂತ.

ಅಪ್ಪನ ಕೆಲಸದ ಬಗ್ಗೆ ಮೊದಲೇ ಹೇಳಿಬಿಡಬೇಕು. ಅವರು 31 ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಆಗಿದ್ದರು. ಖಾಕಿ ಯೂನಿಫಾರ್ಮು, ಲಾಠಿ, ಒಂದು ರಿಜಿಸ್ಟರು. ಶಿಫ್ಟ್ ಬಿಟ್ಟಾಗ ಹೊರಗೆ ಹೋಗುವವರ ಬ್ಯಾಗು, ಟಿಫನ್ ಕ್ಯಾರಿಯರ್ರು ತೆಗೆಸಿ ನೋಡುವುದು. ಲಾರಿ ಬಂದರೆ ಗೇಟ್ ಪಾಸ್ ನೋಡುವುದು. ಒಳಗಿನ ವಸ್ತು ಹೊರಗೆ ಹೋಗಬಾರದು, ಹೋದರೆ ಕಾಗದದ ಜೊತೆ ಹೋಗಬೇಕು. ಇಷ್ಟೇ ಅವರ ನೌಕರಿ.

ಅಂಥವರ ಮುಂದೆ ನಾನು ಎಂಥ ಧಾರಾವಾಹಿ ಹಾಕಿದ್ದೆ ಅಂದರೆ, ಅದರ ಕಥೆಯೇ ಗೇಟಿನಲ್ಲಿ ಕಣ್ಣು ತಪ್ಪಿಸುವುದು.

ಕ್ಯಾಂಪಿನ ಹೆಸರು ಸ್ಟಾಲಾಗ್ 13. ಹಾಮೆಲ್‌ಬುರ್ಗ್ ಅನ್ನುವ ಊರಿನ ಹತ್ತಿರ. ಒಳಗೆ ಅಮೆರಿಕದ ಕರ್ನಲ್ ಹೋಗನ್ ಮತ್ತು ಅವನ ಜೊತೆಯ ನಾಲ್ಕು ಜನ. ಲೆಬೋ ಫ್ರೆಂಚಿನವ, ಅಡುಗೆಯಲ್ಲಿ ಎತ್ತಿದ ಕೈ. ನ್ಯೂಕರ್ಕ್ ಇಂಗ್ಲೆಂಡಿನವ, ಜೇಬುಗಳ್ಳ, ತಿಜೋರಿ ತೆಗೆಯುವುದು, ಬಟ್ಟೆ ಹೊಲಿಯುವುದು ಎಲ್ಲಾ ಬರುತ್ತದೆ. ಕಾರ್ಟರ್‌ಗೆ ಬಾಂಬ್ ಮಾಡುವ ಹುಚ್ಚು. ಕಿಂಚ್ಲೋ ರೇಡಿಯೋ ನೋಡಿಕೊಳ್ಳುತ್ತಾನೆ. ಮಂಚದ ಚೌಕಟ್ಟಿಗೆ ಒಂದು ಏಟು ಹಾಕಿದರೆ ಅದು ಮೇಲೇಳುತ್ತದೆ, ಕೆಳಗೆ ಸುರಂಗ. ಸುರಂಗದ ಇನ್ನೊಂದು ಬಾಯಿ ಕಾಡಿನಲ್ಲಿ, ಒಂದು ಮರದ ಬೊಡ್ಡೆಯ ಕೆಳಗೆ. ಕ್ಯಾಂಪಿನ ಅಧಿಕಾರಿ ಕರ್ನಲ್ ಕ್ಲಿಂಕ್‌ನ ಆಫೀಸಿನಲ್ಲಿ ಮೈಕ್ ಅಡಗಿಸಿಟ್ಟಿದ್ದಾರೆ. ಅಲ್ಲಿ ಆಡಿದ ಮಾತು ಇವರ ಕೋಣೆಯ ಕಾಫಿ ಪಾತ್ರೆಯಲ್ಲಿ ಕೇಳಿಸುತ್ತದೆ.

ಇಷ್ಟೆಲ್ಲಾ ಇದ್ದರೂ ಅವರು ಓಡಿಹೋಗುವುದಿಲ್ಲ. ಇದೇ ತಮಾಷೆ. ಅವರಿಗೆ ಆ ಜೈಲು ಬೇಕು. ಜೈಲೇ ಅವರ ಆಫೀಸು. ಶತ್ರುವಿನ ಹೊಸ ರಾಕೆಟ್ಟಿನ ನಕ್ಷೆ, ಸೈನ್ಯ ಎಲ್ಲಿಗೆ ಹೊರಟಿದೆ ಅನ್ನುವ ಕಾಗದ, ಕ್ಲಿಂಕ್‌ನ ತಿಜೋರಿಯಲ್ಲಿರುವ ಫೈಲು, ಇವನ್ನು ಕದ್ದು, ಫೋಟೋ ತೆಗೆದು, ವಾಪಸ್ಸು ಇದ್ದಲ್ಲೇ ಇಟ್ಟು, ಲಂಡನ್ನಿಗೆ ಕಳಿಸುವುದು. ಎಷ್ಟೋ ಸಲ ಆ ಗುಟ್ಟನ್ನು ಕ್ಯಾಂಪಿನಿಂದ ಹೊರಗೆ ಸಾಗಿಸುವವನು ಕ್ಲಿಂಕೇ, ತನಗೇ ಗೊತ್ತಿಲ್ಲದೆ. ಒಂದು ಕಂತಿನಲ್ಲಂತೂ ಜರ್ಮನ್ನರ ಟೈಗರ್ ಟ್ಯಾಂಕನ್ನೇ ಕದ್ದು ತಂದು, ಬಿಚ್ಚಿ, ಅದರ ನಕ್ಷೆ ಬರೆದುಕೊಳ್ಳುತ್ತಾರೆ.

ಕ್ಲಿಂಕ್‌ಗೆ ಒಂದೇ ಹೆಮ್ಮೆ. ತನ್ನ ಕ್ಯಾಂಪಿನಿಂದ ಇದುವರೆಗೆ ಒಬ್ಬ ಕೈದಿಯೂ ತಪ್ಪಿಸಿಕೊಂಡಿಲ್ಲ. ಆ ದಾಖಲೆ ಕೆಡದ ಹಾಗೆ ಕಾಯುವವರು ಕೈದಿಗಳೇ. ಯಾಕಂದರೆ ಕ್ಲಿಂಕ್‌ಗೆ ಕೆಟ್ಟ ಹೆಸರು ಬಂದರೆ ಅವನನ್ನು ರಷ್ಯಾದ ಕಡೆಯ ಯುದ್ಧಕ್ಕೆ ಎತ್ತಿಹಾಕುತ್ತಾರೆ, ಅವನ ಜಾಗಕ್ಕೆ ಬುದ್ಧಿ ಇರುವವನೊಬ್ಬ ಬರುತ್ತಾನೆ. ಬುದ್ಧಿ ಇಲ್ಲದ ಸಾಹೇಬನನ್ನು ಉಳಿಸಿಕೊಳ್ಳಲು ಕೆಳಗಿನವರು ಪಡುವ ಪಾಡು! ಯಾವುದಾದರೂ ಆಫೀಸಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಕಂತಿಗೆ ಅಪ್ಪ ಬಾಯಿ ಬಿಟ್ಟರು.

"ಚೆಕಿಂಗ್ ಸರಿ ಇಲ್ಲ ಕಣೇ."

"ಏನಪ್ಪಾ?"

"ಆ ಲಾರಿ ಒಳಗೆ ಬಂತಲ್ಲ, ಹೊರಗೆ ಹೋಗುವಾಗ ಟಾರ್ಪಾಲು ಎತ್ತಿ ನೋಡಬೇಕು. ನೋಡ್ಲೇ ಇಲ್ಲ ಇವ್ನು. ರಿಜಿಸ್ಟರಲ್ಲಿ ಟೈಮೂ ಬರೀಲಿಲ್ಲ."

ಅಲ್ಲಿಂದ ಶುರು. ದಿನಕ್ಕೆ ಮೂರು ಕಂತು. ಊಟಕ್ಕೆ ಮೊದಲು ಒಂದು, ನಾಲ್ಕು ಗಂಟೆಯ ಕಾಫಿಗೆ ಒಂದು, ರಾತ್ರಿ ಮಾತ್ರೆ ನುಂಗಿದ ಮೇಲೆ ಒಂದು.

ಅಪ್ಪ ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಓದುತ್ತಾರೆ, ಆದರೆ ಆ ಅಮೆರಿಕದವರ ಮಾತಿನ ವೇಗಕ್ಕೆ ಅವರ ಕಿವಿ ಒಗ್ಗಲಿಲ್ಲ. ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡಕ್ಕೆ ಹೇಳುತ್ತಿದ್ದೆ. ಮೊದಮೊದಲು ನಿಯತ್ತಾಗಿ ಮಾಡಿದೆ. ಆಮೇಲೆ ಕೈ ಪಳಗಿತು. ಕ್ಲಿಂಕ್‌ಗೆ ಸರ್ಕಾರಿ ಸುತ್ತೋಲೆಯ ಕನ್ನಡ ಕೊಟ್ಟೆ: "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ..." ಅವನ ಕೆಳಗಿನ ಸಾರ್ಜೆಂಟ್ ಶುಲ್ಟ್ಸ್‌ಗೆ ಮಂಡ್ಯದ ಕಡೆಯ ಮಾತು. ಆ ದಪ್ಪ ಹೊಟ್ಟೆ, ಆ ಮೀಸೆ, ಹೆಗಲ ಮೇಲೊಂದು ಕೋವಿ. ಅವನ ಬಾಯಲ್ಲಿ "ಅದೇನ್ ಮಾಡ್ಕತೀರೋ ಮಾಡ್ಕಳಿ, ನನ್ನ ಮಾತ್ರ ಸಿಗಾಕಿಸ್ಬ್ಯಾಡಿ" ಅಂತ ಬಂದರೆ ಅಪ್ಪ ಹೊಲಿಗೆ ಹಾಕಿದ ಜಾಗವನ್ನು ಒತ್ತಿ ಹಿಡಿದುಕೊಂಡು ನಗುತ್ತಿದ್ದರು.

ನನ್ನದು ಕಪಿಚೇಷ್ಟೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜರ್ಮನ್ನರೇ ಇದನ್ನು ಮಾಡಿದ್ದಾರೆ. 1990ರ ದಶಕದ ಆರಂಭದಲ್ಲಿ ಜರ್ಮನ್ ಭಾಷೆಗೆ ಡಬ್ ಮಾಡಿದಾಗ ಯಾರೂ ನೋಡಲಿಲ್ಲವಂತೆ. ನಗಲು ಅವರಿಗೆ ಎದೆ ಬರಲಿಲ್ಲವೋ ಏನೋ. ಆಮೇಲೆ ಹೊಸದಾಗಿ ಮಾತು ಬರೆದು ಮತ್ತೆ ಡಬ್ ಮಾಡಿದರು. ಕ್ಲಿಂಕ್‌ಗೆ ಸ್ಯಾಕ್ಸನಿಯ ರಾಗ, ಶುಲ್ಟ್ಸ್‌ಗೆ ಬವೇರಿಯಾದ ಹಳ್ಳಿ ಮಾತು. ಸಾಲದು ಅಂತ ಮೂಲದಲ್ಲೇ ಇಲ್ಲದ ಒಬ್ಬ ಕೆಲಸದಾಕೆಯನ್ನು ಹುಟ್ಟಿಸಿದರು, ಕಾಲಿಂಕೆ ಅಂತ. ಅವಳು ಪರದೆಯ ಮೇಲೆ ಬರುವುದೇ ಇಲ್ಲ. ಕ್ಲಿಂಕ್ ಅವಳ ಬಗ್ಗೆ ಮಾತಾಡುತ್ತಾನೆ, ಅಷ್ಟೇ. ಆಗ ಓಡಿತು. ನಗುವುದಕ್ಕೂ ತಮ್ಮೂರ ಮಾತೇ ಬೇಕು. ಡಬ್ಬಿಂಗ್ ಬೇಕೋ ಬೇಡವೋ ಅಂತ ಎಷ್ಟೋ ವರ್ಷ ಜಗಳ ಆಡಿದ ನಮಗೆ ಈ ಕಥೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಶುಲ್ಟ್ಸ್ ಬಗ್ಗೆ ಹೇಳುತ್ತಿದ್ದೆ. ಅವನ ಕೆಲಸ ಕೈದಿಗಳ ಕಾವಲು. ಅವನು ನೋಡುವುದು ಎಲ್ಲವನ್ನೂ. ಸುರಂಗದಿಂದ ತಲೆ ಹೊರಗೆ ಬಂದಾಗ ಅಲ್ಲೇ ನಿಂತಿರುತ್ತಾನೆ. ಕೈದಿಗಳು ಜರ್ಮನ್ ಜನರಲ್‌ನ ಯೂನಿಫಾರ್ಮು ಹಾಕಿಕೊಳ್ಳುವಾಗ ಬಾಗಿಲು ತೆಗೆದು ಒಳಗೆ ಬರುತ್ತಾನೆ. ತಕ್ಷಣ ಕಣ್ಣು ಮುಚ್ಚಿಕೊಂಡು ಬೆನ್ನು ತಿರುಗಿಸುತ್ತಾನೆ. ನಾನೇನೂ ನೋಡಲಿಲ್ಲ, ನಾನೇನೂ ಕೇಳಲಿಲ್ಲ, ನನಗೇನೂ ಗೊತ್ತಿಲ್ಲ. ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ಇದೇ ಮಾತು. ಇದಕ್ಕೆ ಅವನಿಗೆ ಸಿಗುವುದು ಒಂದು ಚಾಕಲೇಟು, ಇಲ್ಲವೇ ಲೆಬೋ ಮಾಡಿದ ಸ್ಟ್ರೂಡಲ್.

"ಅದೇನದು?" ಅಂದರು ಅಪ್ಪ.

"ಹೋಳಿಗೆ ಥರ. ಒಳಗೆ ಸೇಬಿನ ಹೂರಣ."

"ಹೋಳಿಗೆಗೆ ಗೇಟು ಬಿಡ್ತಾನಾ!"

ಇಬ್ಬರೂ ನಕ್ಕೆವು. ಆ ನಗು ಯಾಕೋ ನನಗೆ ಈಗಲೂ ನೆನಪಿದೆ.

ಇದೆಲ್ಲಾ ಹಾಲಿವುಡ್ಡಿನ ಕಟ್ಟುಕಥೆ ಅಂತ ನಾನು ನಂಬಿದ್ದೆ. ರಾತ್ರಿ ಅಪ್ಪ ಮಲಗಿದ ಮೇಲೆ ಓದುತ್ತಾ ಹೋದೆ. ಕಟ್ಟುಕಥೆ ಅಷ್ಟೇನೂ ಅಲ್ಲ.

ಬ್ರಿಟನ್ನಿನಲ್ಲಿ ಎಂಐ9 ಅಂತ ಒಂದು ಗುಪ್ತ ವಿಭಾಗ ಇತ್ತು. 1939ರ ಡಿಸೆಂಬರಿನಲ್ಲಿ ಶುರುವಾದದ್ದು. ಸೆರೆಸಿಕ್ಕ ಸೈನಿಕರು ತಪ್ಪಿಸಿಕೊಂಡು ಬರಲು ಸಹಾಯ ಮಾಡುವುದೇ ಅದರ ಕೆಲಸ. ಅಲ್ಲಿ ಕ್ಲೇಟನ್ ಹಟನ್ ಅನ್ನುವವನೊಬ್ಬ ಇದ್ದ. ಅವನ ತಲೆಯಲ್ಲಿ ಬರೀ ಇಂಥವೇ. ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿದರೆ ಮಡಚುವಾಗ ಸರಬರ ಅನ್ನುತ್ತದೆ, ಒದ್ದೆಯಾದರೆ ಹರಿಯುತ್ತದೆ. ಅದಕ್ಕೆ ರೇಷ್ಮೆಯ ಮೇಲೆ ಮುದ್ರಿಸಿದರು. ರೇಷ್ಮೆ ಸದ್ದು ಮಾಡುವುದಿಲ್ಲ, ಕೋಟಿನ ಅಸ್ತರಿಯೊಳಗೆ ಹೊಲಿದರೆ ತಡಕಿದರೂ ಗೊತ್ತಾಗುವುದಿಲ್ಲ. ಲೀಡ್ಸ್ ಊರಿನ ವಾಡಿಂಗ್ಟನ್ ಕಂಪನಿ ಈ ನಕ್ಷೆಗಳನ್ನು ಮುದ್ರಿಸಿತು. ಅದೇ ಕಂಪನಿ ಮೊನೊಪಲಿ ಆಟವನ್ನೂ ಮಾಡುತ್ತಿತ್ತು. ಸರಿ, ಆಟದ ಬೋರ್ಡಿನೊಳಗೇ ನಕ್ಷೆ ಅಡಗಿಸಿ ಕ್ಯಾಂಪುಗಳಿಗೆ ಕಳಿಸಿದರು. ಇಸ್ಪೀಟಿನ ಎಲೆಯನ್ನು ನೀರಲ್ಲಿ ನೆನೆಸಿ ಸುಲಿದರೆ ಒಳಗೆ ನಕ್ಷೆಯ ತುಂಡು. ಕೋಟಿನ ಗುಂಡಿಯೊಳಗೆ ದಿಕ್ಸೂಚಿ. ಜರ್ಮನ್ನರು ಗುಂಡಿ ತಿರುಗಿಸಿ ನೋಡಲು ಕಲಿತ ಮೇಲೆ ತಿರುಪಿನ ದಿಕ್ಕನ್ನೇ ಉಲ್ಟಾ ಮಾಡಿದರು. ಬಿಚ್ಚೋಣ ಅಂತ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ!

ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ರೆಡ್ ಕ್ರಾಸ್‌ನ ಆಹಾರದ ಪೊಟ್ಟಣದಲ್ಲಿ ಇಂಥದ್ದೇನೂ ಇಡುವಂತಿಲ್ಲ. ಸಿಕ್ಕಿಬಿದ್ದರೆ ಊಟವೇ ನಿಂತುಹೋಗುತ್ತದೆ. ಅದಕ್ಕಾಗಿ ಇಲ್ಲದ ಧರ್ಮಸಂಸ್ಥೆಗಳ ಹೆಸರಿಟ್ಟು, ಅವುಗಳ ಲೆಕ್ಕದಲ್ಲಿ ಆಟದ ಸಾಮಾನು ಕಳಿಸುತ್ತಿದ್ದರು.

ಮರುದಿನ ಅಪ್ಪನಿಗೆ ಇದನ್ನೆಲ್ಲಾ ಹೇಳಿದೆ. ಉಲ್ಟಾ ತಿರುಪಿನ ವಿಷಯಕ್ಕೆ ಅವರು ಎದ್ದು ಕೂರಲು ನೋಡಿದರು. "ಫಿಟ್ಟರ್ ಆಗಿದ್ದವನೇ ಹೇಳಿರ್ಬೇಕು ಅದನ್ನ" ಅಂದರು. ಆಮೇಲೆ ಗೇಟ್ ಪಾಸಿನ ಪುರಾಣ ತೆಗೆದರು. ವಾಪಸ್ಸು ಬರುವ ಮಾಲಿಗೆ ಒಂದು ಬಣ್ಣ, ಬರದ ಮಾಲಿಗೆ ಇನ್ನೊಂದು. ಮೂರು ಕಾಪಿ. ಸಹಿ ಮಾಡುವವರ ಮಾದರಿ ಸಹಿ ಗೇಟಿನ ಕೋಣೆಯ ಗೋಡೆಗೆ ಅಂಟಿಸಿರುತ್ತಿತ್ತು. "ಸಹಿ ನೋಡ್ತಿರ್ಲಿಲ್ಲ ನಾನು. ಪಾಸ್ ಕೊಡೋವಾಗ ಅವನ ಕೈ ನೋಡ್ತಿದ್ದೆ."

ಕಾಗದ ಅಂದರೆ ಸಾಗನ್ ಕ್ಯಾಂಪಿನ ಕಥೆ ಹೇಳಲೇಬೇಕು. ಈಗ ಅದು ಪೋಲೆಂಡಿನಲ್ಲಿದೆ. ಸ್ಟಾಲಾಗ್ ಲುಫ್ಟ್ 3, ವಾಯುಪಡೆಯವರ ಕ್ಯಾಂಪ್. ಅಲ್ಲಿನ ಕೈದಿಗಳು ಸುರಂಗ ತೋಡಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಆಶ್ಚರ್ಯ ಆಗಿದ್ದು ಅವರ ಸುಳ್ಳು ಕಾಗದದ ಇಲಾಖೆ. ಸುರಂಗ ದಾಟಿ ಹೊರಗೆ ಹೋದರೆ ಸಾಕೇ? ರೈಲು ಹತ್ತಬೇಕು, ಪೊಲೀಸ್ ಕೇಳಿದರೆ ಪಾಸ್ ತೋರಿಸಬೇಕು. ಅದನ್ನು ಮಾಡಲು ಟಿಮ್ ವಾಲೆನ್ ಅನ್ನುವ ಅಧಿಕಾರಿಯ ಕೈಕೆಳಗೆ ಒಂದು ತಂಡ. ಆ ತಂಡಕ್ಕೆ ಅವರಿಟ್ಟ ಅಡ್ಡಹೆಸರು 'ಡೀನ್ ಆ್ಯಂಡ್ ಡಾಸನ್'. ಲಂಡನ್ನಿನ ಒಂದು ಟ್ರಾವೆಲ್ ಏಜೆನ್ಸಿಯ ಹೆಸರು ಅದು! ಟೈಪ್ ಮಾಡಿದ ಹಾಗೆ ಕಾಣುವ ಅಕ್ಷರಗಳನ್ನು ಬ್ರಶ್ಶು, ಪೆನ್ನಿನಿಂದ ಒಂದೊಂದಾಗಿ ಕೈಯಲ್ಲೇ ಬರೆಯುತ್ತಿದ್ದರು. ಬೂಟಿನ ಹಿಮ್ಮಡಿಯ ರಬ್ಬರ್ ಕೆತ್ತಿ ಸರ್ಕಾರಿ ಮೊಹರು ಮಾಡುತ್ತಿದ್ದರು. ಅಸಲಿ ಪಾಸ್ ನೋಡದೆ ನಕಲಿ ಮಾಡುವುದು ಹೇಗೆ? ಕಾವಲುಗಾರರಿಗೆ ಸಿಗರೇಟು, ಕಾಫಿ, ಚಾಕಲೇಟು ಕೊಟ್ಟು ಅವರ ಪಾಸನ್ನೇ ಸ್ವಲ್ಪ ಹೊತ್ತು ಕಡ ಪಡೆಯುತ್ತಿದ್ದರು.

ಅಂದರೆ ಶುಲ್ಟ್ಸ್ ಇದ್ದ. ಒಬ್ಬನಲ್ಲ, ಹಲವರು. ಯುದ್ಧದ ಜರ್ಮನಿಯಲ್ಲಿ ಒಳ್ಳೆ ಕಾಫಿ ಕಾಣದೆ ವರ್ಷಗಳಾಗಿದ್ದವು. ಕೈದಿಗಳ ರೆಡ್ ಕ್ರಾಸ್ ಪೊಟ್ಟಣದಲ್ಲಿ ಅದು ಬರುತ್ತಿತ್ತು. ಕಾಯುವವನಿಗಿಂತ ಕೈದಿಯ ಹತ್ತಿರವೇ ಒಳ್ಳೆ ಮಾಲು. ಮೊದಲು ಒಂದು ಚಾಕಲೇಟು. ಆಮೇಲೆ ಬೇಡ ಅಂದರೆ, 'ನೀನು ಹೋದ ಸಲ ತಗೊಂಡಿದ್ದನ್ನ ನಿಮ್ಮ ಸಾಹೇಬರಿಗೆ ಹೇಳಲಾ?' ಅನ್ನುವುದು. ಅಲ್ಲಿಗೆ ಮುಗಿಯಿತು.

ಧಾರಾವಾಹಿಯಲ್ಲಿ ಇಲ್ಲದ್ದು ಇದರ ಮುಂದಿನ ಭಾಗ. 1944ರ ಮಾರ್ಚ್ 24ರ ರಾತ್ರಿ ಸಾಗನ್ನಿನ ಸುರಂಗದಿಂದ 76 ಜನ ಹೊರಗೆ ಬಂದರು. ಮೂವರು ಮಾತ್ರ ತಪ್ಪಿಸಿಕೊಂಡು ದಡ ಸೇರಿದರು. 73 ಜನ ಸಿಕ್ಕಿಬಿದ್ದರು. ಹಿಟ್ಲರನ ಅಪ್ಪಣೆಯಂತೆ ಅವರಲ್ಲಿ 50 ಜನರನ್ನು ಗುಂಡಿಟ್ಟು ಕೊಂದರು. ಟಿಮ್ ವಾಲೆನ್ ಆ 50ರಲ್ಲಿ ಒಬ್ಬ. ಯುದ್ಧಕೈದಿ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದರೆ 30 ದಿನಕ್ಕಿಂತ ಹೆಚ್ಚು ಒಳಗೆ ಹಾಕುವಂತಿಲ್ಲ ಅನ್ನುತ್ತದೆ 1929ರ ಜಿನೀವಾ ಒಪ್ಪಂದ. ಕ್ಲಿಂಕ್ ಮಾತೆತ್ತಿದರೆ '30 ದಿನ ಒಳಗೆ ಹಾಕ್ತೀನಿ' ಅನ್ನುತ್ತಾನಲ್ಲ, ಆ ಲೆಕ್ಕ ಸರಿ. ಪುಸ್ತಕದಲ್ಲಿ ಸರಿ.

ಇದನ್ನು ಅಪ್ಪನಿಗೆ ಆ ದಿನ ಹೇಳಲಿಲ್ಲ. ಕಾಫಿ ಹೊತ್ತಿನ ಕಂತು ಇತ್ತು, ನಗುತ್ತಿದ್ದರು.

ಕ್ಯಾಂಪಿನ ಕಾಮಿಡಿ ನಮ್ಮ ನೆಲದಲ್ಲೂ ಒಂದು ಆಗಿದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಡೆಹ್ರಾಡೂನಿನಲ್ಲಿ ಬ್ರಿಟಿಷರು ಜರ್ಮನ್ನರನ್ನು ಕೂಡಿಹಾಕಿದ್ದರು. 1944ರ ಏಪ್ರಿಲ್ 29ರಂದು ಅಲ್ಲಿಂದ ಏಳು ಜನ ಹೊರಬಿದ್ದರು. ಸುರಂಗ ಇಲ್ಲ, ಏನಿಲ್ಲ. ಇಬ್ಬರು ಬ್ರಿಟಿಷ್ ಅಧಿಕಾರಿಗಳ ವೇಷ ಹಾಕಿದರು, ಒಬ್ಬನ ಕಂಕುಳಲ್ಲಿ ನಕ್ಷೆಯ ಸುರುಳಿ. ಮಿಕ್ಕವರು ಮುಖಕ್ಕೆ ಬಣ್ಣ ಬಳಿದು, ಮುಂಡಾಸು ಸುತ್ತಿ, ಏಣಿ, ಮುಳ್ಳುತಂತಿಯ ಸುರುಳಿ ಹೊತ್ತ ಕೂಲಿಯವರು. ಬೇಲಿ ರಿಪೇರಿಗೆ ಹೊರಟವರ ಹಾಗೆ ಹಾಡಹಗಲೇ ಗೇಟಿನಿಂದ ನಡೆದು ಹೋದರು. ಅವರಲ್ಲಿ ಹೈನ್ರಿಚ್ ಹ್ಯಾರರ್ ಟಿಬೆಟ್ ಸೇರಿ ಲ್ಹಾಸಾ ತಲುಪಿದ. ಅಧಿಕಾರಿ ವೇಷದ ಇಬ್ಬರು ಬರ್ಮಾದಲ್ಲಿ ಜಪಾನಿಯರನ್ನು ಸೇರಿಕೊಂಡರು. ಕಂಕುಳಲ್ಲಿ ನಕ್ಷೆ ಇದ್ದವನನ್ನು ಯಾರು ನಿಲ್ಲಿಸುತ್ತಾರೆ ಹೇಳಿ? ಅಪ್ಪ ಇದನ್ನು ಕೇಳಿ ತುಂಬಾ ಹೊತ್ತು ಯೋಚಿಸಿದರು. "ಎಂಜಿನಿಯರ್ ಜೊತೆ ಏಣಿ ಹೊತ್ಕೊಂಡು ಬಂದ್ರೆ ನಾನೂ ಬಿಡ್ತಿದ್ದೆ" ಅಂತ ಒಪ್ಪಿಕೊಂಡರು.

ನಮ್ಮ ಮನೆ ಜಾಲಹಳ್ಳಿ ಕಡೆ. ಅದೇ ಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಸಾವಿರಗಟ್ಟಲೆ ಬೆಂಗಳೂರಿಗೆ ತಂದು ಇಲ್ಲೇ ಸುತ್ತಮುತ್ತ ಕ್ಯಾಂಪುಗಳಲ್ಲಿ ಇಟ್ಟಿದ್ದರು. ನಾನು ದಿನಾ ಬಸ್ ಹತ್ತುವ ದಾರಿಯಲ್ಲೇ ಎಲ್ಲೋ ಮುಳ್ಳುಬೇಲಿ ಇದ್ದಿರಬೇಕು. ಈಗ ಅಪಾರ್ಟ್‌ಮೆಂಟು, ಗೇಟಿಗೆ ಒಬ್ಬ ಸೆಕ್ಯುರಿಟಿ, ಅವನ ಕೈಯಲ್ಲೂ ಒಂದು ರಿಜಿಸ್ಟರು.

ಇನ್ನು ಅಸಲಿ ಹಾಮೆಲ್‌ಬುರ್ಗ್. ಅಲ್ಲಿ ನಿಜವಾಗಿಯೂ ಕೈದಿಗಳ ಕ್ಯಾಂಪ್ ಇತ್ತು. 1945ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಅದನ್ನು ಬಿಡಿಸಲು ಸುಮಾರು 300 ಜನರ ಒಂದು ತುಕಡಿಯನ್ನು ಶತ್ರುವಿನ ನೆಲದೊಳಗೆ ಕಳಿಸಿದ. ಕ್ಯಾಂಪಿನಲ್ಲಿ ಅವನ ಅಳಿಯ ಇದ್ದ. ತುಕಡಿ ಕ್ಯಾಂಪ್ ಮುಟ್ಟಿತು, ಆದರೆ ವಾಪಸ್ಸು ಬರಲಾಗಲಿಲ್ಲ. ಬಿಡಿಸಲು ಹೋದವರಲ್ಲಿ ಹೆಚ್ಚಿನವರು ತಾವೇ ಕೈದಿಗಳಾದರು. ಅಳಿಯ ಗುಂಡೇಟು ತಿಂದು ಅಲ್ಲೇ ಉಳಿದ. ಈ ಕಥೆಯನ್ನು ಕ್ಲಿಂಕ್‌ನ ಕ್ಯಾಂಪಿನಲ್ಲಿ ಇಟ್ಟು ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ನಟರ ಬಗ್ಗೆ ಓದಿದ್ದು ಇನ್ನೊಂದು ರಾತ್ರಿ. ಅದಾದ ಮೇಲೆ ನನಗೆ ಮಂಡ್ಯದ ಕನ್ನಡ ಸರಾಗವಾಗಿ ಬರುವುದು ನಿಂತಿತು.

ಕ್ಲಿಂಕ್ ಪಾತ್ರ ಮಾಡಿದವನು ವರ್ನರ್ ಕ್ಲೆಂಪರರ್. ಪಾಶ್ಚಾತ್ಯ ವಾದ್ಯವೃಂದದ ಹೆಸರಾಂತ ನಿರ್ದೇಶಕ ಆಟೋ ಕ್ಲೆಂಪರರ್ ಅವರ ಮಗ. ಯಹೂದಿ ಕುಟುಂಬ. 1933ರಲ್ಲಿ ಹಿಟ್ಲರ್ ಬಂದಾಗ ಜರ್ಮನಿ ಬಿಟ್ಟವರು. ಈ ಪಾತ್ರ ಒಪ್ಪುವಾಗ ಅವನು ಹಾಕಿದ ಷರತ್ತು ಒಂದೇ: ಕ್ಲಿಂಕ್ ಯಾವತ್ತೂ ಗೆಲ್ಲಬಾರದು. ಕ್ಲಿಂಕ್ ಪಿಟೀಲು ಹಿಡಿದರೆ ಕಿವಿ ಮುಚ್ಚಿಕೊಳ್ಳಬೇಕು. ಕ್ಲೆಂಪರರ್ ಚೆನ್ನಾಗಿ ಪಿಟೀಲು ನುಡಿಸುತ್ತಿದ್ದವನು. ಚೆನ್ನಾಗಿ ಬರುವವನು ಅಷ್ಟು ಕೆಟ್ಟದಾಗಿ ನುಡಿಸಬೇಕಾದರೆ ಎಷ್ಟು ಕಷ್ಟ, ಅಲ್ವಾ? ಆ ಪಾತ್ರಕ್ಕೆ ಎರಡು ಎಮ್ಮಿ ಪ್ರಶಸ್ತಿ ಬಂತು.

ಮೇಲಧಿಕಾರಿ ಜನರಲ್ ಬರ್ಕ್‌ಹಾಲ್ಟರ್ ಆಗಿದ್ದವನು ಲಿಯಾನ್ ಆಸ್ಕಿನ್, ವಿಯೆನ್ನಾದ ಯಹೂದಿ. ಅವನ ಅಪ್ಪ ಅಮ್ಮ ಟ್ರೆಬ್ಲಿಂಕಾ ಅನ್ನುವ ನಾಜಿಗಳ ಸಾವಿನ ಕ್ಯಾಂಪಿನಲ್ಲಿ ಸತ್ತರು.

ಲೆಬೋ ಆಗಿದ್ದವನು ರಾಬರ್ಟ್ ಕ್ಲೇರಿ. ಪ್ಯಾರಿಸ್ಸಿನ ಹುಡುಗ, 14 ಮಕ್ಕಳಲ್ಲಿ ಕೊನೆಯವನು. 1942ರಲ್ಲಿ, 16 ವರ್ಷದವನಿದ್ದಾಗ, ಮನೆಯವರ ಜೊತೆ ಹಿಡಿದುಕೊಂಡು ಹೋದರು. ಅಪ್ಪ ಅಮ್ಮನನ್ನು ಆಶ್ವಿಟ್ಜ್‌ನಲ್ಲಿ ಕೊಂದರು. ಇವನ ಕೈ ಮೇಲೆ ನಂಬರ್ ಹಚ್ಚೆ ಹಾಕಿದರು. ಕ್ಯಾಂಪಿನಿಂದ ಕ್ಯಾಂಪಿಗೆ ಸಾಗಿಸಿದರು. ಕೊನೆಗೆ ಬುಖೆನ್‌ವಾಲ್ಡ್. ಅಲ್ಲಿ ಭಾನುವಾರಗಳಂದು ನಾಜಿಗಳ ಎಸ್ಸೆಸ್ ಪಡೆಯ ಕಾವಲುಗಾರರ ಮುಂದೆ ಹಾಡುತ್ತಿದ್ದ. 1945ರ ಏಪ್ರಿಲ್ 11ರಂದು ಬಿಡುಗಡೆಯಾದಾಗ, ಜೊತೆಯಲ್ಲಿ ಹಿಡಿದುಕೊಂಡು ಹೋದ ಮನೆಯವರಲ್ಲಿ ಉಳಿದಿದ್ದವನು ಇವನೊಬ್ಬನೇ. ಇಪ್ಪತ್ತು ವರ್ಷ ಆದ ಮೇಲೆ ಅದೇ ಮನುಷ್ಯ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ, ಸುಳ್ಳು ಹಿಮದ ಮೇಲೆ ನಿಂತು, ಜರ್ಮನ್ ಸಾರ್ಜೆಂಟನಿಗೆ ಸ್ಟ್ರೂಡಲ್ ಕೊಡುತ್ತಿದ್ದ.

ಸ್ಟ್ರೂಡಲ್ ಇಸಿದುಕೊಳ್ಳುವ ಆ ಶುಲ್ಟ್ಸ್, ಅಂದರೆ ಜಾನ್ ಬ್ಯಾನರ್, ಅವನೂ ಯಹೂದಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ನಾಟಕದ ತಂಡದ ಜೊತೆ ಸ್ವಿಟ್ಜರ್ಲೆಂಡಿನಲ್ಲಿದ್ದ. ವಾಪಸ್ಸು ಹೋಗಲಿಲ್ಲ, ಬದುಕಿದ. ಊರಲ್ಲಿ ಉಳಿದ ಮನೆಯವರನ್ನು ಕಳೆದುಕೊಂಡ.

ಆ ಧಾರಾವಾಹಿ ಬಂದಾಗ ಅಮೆರಿಕದಲ್ಲಿ ಬೈದವರು ಬೇಕಾದಷ್ಟು ಜನ. ನಾಜಿಗಳನ್ನು ಇಟ್ಟುಕೊಂಡು ತಮಾಷೆಯಾ ಅಂತ. ಕ್ಲೇರಿಯನ್ನು ಕೇಳಿದವರಿಗೆ ಅವನು ಹೇಳುತ್ತಿದ್ದದ್ದು, ಯುದ್ಧಕೈದಿಗಳ ಕ್ಯಾಂಪ್ ಬೇರೆ, ತಾನು ಇದ್ದ ಕ್ಯಾಂಪ್ ಬೇರೆ ಅಂತ. ಅದು ನಿಜ. ಆದರೆ ಪೂರ್ತಿ ನಿಜ ಅಲ್ಲ ಅಂತ ನನ್ನ ಲೆಕ್ಕ. ಅಮೆರಿಕ, ಬ್ರಿಟನ್ನಿನ ಕೈದಿಗಳಿಗೆ ಪೊಟ್ಟಣ ಬರುತ್ತಿತ್ತು, ಪತ್ರ ಬರುತ್ತಿತ್ತು, ಹೆಚ್ಚಿನವರು ಮನೆಗೆ ಮರಳಿದರು. ಅದೇ ಜರ್ಮನ್ನರ ಕೈಗೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ. ಅವರಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಹಸಿವು, ಚಳಿ, ಗುಂಡಿಗೆ ಸತ್ತರು. ಅವರೂ ಯುದ್ಧಕೈದಿಗಳೇ. ಅವರ ಬೇಲಿಯ ಹೊರಗೂ ಒಬ್ಬ ಶುಲ್ಟ್ಸ್ ನಿಂತಿದ್ದ. ಅವನೂ ಏನೂ ನೋಡಲಿಲ್ಲ.

ಧಾರಾವಾಹಿಯಲ್ಲಿ ಆ ಮಾತಿಗೆ ನಾವು ನಗುತ್ತೇವೆ, ಯಾಕಂದರೆ ಅದರಿಂದ ನಮ್ಮ ಕಡೆಯವರು ಬಚಾವಾಗುತ್ತಾರೆ. ಯುದ್ಧ ಮುಗಿದ ಮೇಲೆ ಅದೇ ಮಾತನ್ನು ಒಂದು ದೇಶಕ್ಕೆ ದೇಶವೇ ಹೇಳಿತು. ಬ್ಯಾನರ್ ಅದನ್ನು ಹೇಳುವಾಗ ಕಣ್ಣು ಮುಚ್ಚಿಕೊಳ್ಳುವ ರೀತಿ ನೋಡಿ. ಮೊದಲು ಪೂರ್ತಿ ನೋಡುತ್ತಾನೆ, ಆಮೇಲೆ ಮುಚ್ಚುತ್ತಾನೆ. ಅವನಿಗೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇದನ್ನೆಲ್ಲಾ ಒಂದು ಸಂಜೆ ಅಪ್ಪನಿಗೆ ಹೇಳಿದೆ. ಆ 50 ಜನರ ಕಥೆಯನ್ನೂ ಹೇಳಿದೆ. ಕ್ಲೇರಿಯ ವಿಷಯ ಬಂದಾಗ ಅವರು ಅರ್ಧಕ್ಕೆ ನಿಲ್ಲಿಸಿ ಇಟ್ಟಿದ್ದ ಪರದೆಯನ್ನೇ ನೋಡುತ್ತಿದ್ದರು. ಅದರಲ್ಲಿ ಕ್ಲೇರಿ ತಟ್ಟೆ ಹಿಡಿದು ನಿಂತಿದ್ದ, ಬಾಯಿ ತೆರೆದಿತ್ತು.

"ಸಣ್ಣ ಆಳು" ಅಂದರು. ಅಷ್ಟೇ.

ಆ ರಾತ್ರಿ ಮಾತ್ರೆ ನುಂಗಿದ ಮೇಲೆ ಕಂತು ಬೇಡ ಅಂದರು. ಲೈಟ್ ಆರಿಸಿದೆ. ಮಲಗಿದರು ಅಂದುಕೊಂಡೆ.

"ನಿನಗೆ ಟೈಫಾಯ್ಡ್ ಆಗಿತ್ತಲ್ಲ, ಆರನೇ ಕ್ಲಾಸಲ್ಲಿ."

"ಹೂಂ."

"ದುಡ್ಡಿರ್ಲಿಲ್ಲ. ಮಿಷನ್ ಶಾಪಿನವನೊಬ್ಬ ಕೊಟ್ಟ. ಕೇಳಿರ್ಲಿಲ್ಲ ನಾನು. ಅವನೇ ಬಂದು ಕೊಟ್ಟ."

ನಾನು ಏನೂ ಹೇಳಲಿಲ್ಲ.

"ಆಮೇಲೆ ಅವನ ಟಿಫನ್ ಕ್ಯಾರಿಯರ್ ತೆಗೆಸ್ತಿರ್ಲಿಲ್ಲ. ಅವನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಮಿಷನ್ನಿನ ಹಿತ್ತಾಳೆ ಬುಷ್ಷು. ಮೇಲಿನ ಡಬ್ಬದಲ್ಲಿ ಅನ್ನ, ಕೆಳಗಡೆದ್ರಲ್ಲಿ ಅದು. ಊಟ ಮಾಡಿದ ಡಬ್ಬ ಹಂಗೆ ಇಳಿಬೀಳಲ್ಲ ಕಣಮ್ಮ. ಕೈ ನೋಡಿದ್ರೆ ಗೊತ್ತಾಗುತ್ತೆ."

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.

"ಸ್ಟಾಕ್ ತೆಗೆದಾಗ ಕಡಿಮೆ ಬಂತು. ಗುಡಿಸೋಕೆ ಬರ್ತಿದ್ದ ಹುಡುಗ ಒಬ್ಬ ಇದ್ದ, ಕಾಂಟ್ರಾಕ್ಟಿನವನು. ಅವನನ್ನ ಕರೆದು ಕೂರಿಸಿದ್ರು. ನನ್ನನ್ನೂ ಕರೆದ್ರು. ಗೇಟಲ್ಲಿ ಏನಾದ್ರೂ ನೋಡಿದ್ಯೇನಪ್ಪ ಅಂದ್ರು."

"ಏನಂದ್ರಿ?"

"ಏನಂತೀನಿ."

ಎದ್ದು ನೀರು ಕೊಟ್ಟೆ. ಅರ್ಧ ಲೋಟ ಕುಡಿದರು. ಆ ಹುಡುಗ ಎಲ್ಲಿಯವನು, ಆಮೇಲೆ ಏನಾದ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಟೈಫಾಯ್ಡಿನಲ್ಲಿ ನಾನು ಕುಡಿದ ಎಳನೀರು, ದಿನಾ ಬೆಳಿಗ್ಗೆ ಹಾಸಿಗೆ ಪಕ್ಕ ಇರುತ್ತಿದ್ದ ಮೋಸಂಬಿ ನೆನಪಾದವು.

ಮಾರನೇ ದಿನ ಊಟಕ್ಕೆ ಮೊದಲು ಅಪ್ಪನೇ ರಿಮೋಟ್ ತೆಗೆದುಕೊಂಡರು. ಐದನೇ ಸೀಸನ್ನಿನ ಯಾವುದೋ ಕಂತು. ಕೈದಿಗಳು ತಿಜೋರಿಯಿಂದ ಕಾಗದ ತೆಗೆದು ಹರಡಿಕೊಂಡು ಕೂತಿದ್ದಾರೆ. ಬಾಗಿಲು ತೆರೆಯಿತು, ಶುಲ್ಟ್ಸ್ ಬಂದ, ನೋಡಿದ, ಕಣ್ಣು ಮುಚ್ಚಿಕೊಂಡ. ನಾನು ಅನುವಾದ ಮಾಡಲು ಬಾಯಿ ತೆರೆದೆ.

"ಇದು ಬೇಡ" ಅಂದರು ಅಪ್ಪ. "ಇದು ನಂಗೆ ಅರ್ಥ ಆಗುತ್ತೆ."